ಕೆಲಸಕ್ಕೆ ಹೋದರೆ ಗೃಹಲಕ್ಷ್ಮಿ ನಿಲ್ಲುತ್ತಾ? ಮತ್ತೊಮ್ಮೆ ಹೇಳುತ್ತೇನೆ, ಕೇಳಿ

ಪ್ರಶ್ನೆ: ಅಕ್ಕ, ನಾವು ಇರುವುದು ಸುರತ್ಕಲ್ ಹತ್ತಿರ. ಮಗಳಿಗೆ ಎರಡೂವರೆ ವರ್ಷ. ಮಂಗಳೂರಿನ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದೆ, ಸಂಬಳ 14,000. ಯಜಮಾನರು ಬಾಡಿಗೆ ರಿಕ್ಷಾ ಓಡಿಸುತ್ತಾರೆ. ಕೆಲಸಕ್ಕೆ ಹೋದರೆ ಗೃಹಲಕ್ಷ್ಮಿ ನಿಲ್ಲುತ್ತಾ? ಪಿಎಫ್ ಕಟ್ ಆದರೆ ಹೆಸರು ತೆಗೀತಾರಂತೆ, ಹೌದಾ? ಬೇಬಿ ಸಿಟ್ಟಿಂಗ್‌ಗೆ ತಿಂಗಳಿಗೆ 5,000 ಕೇಳ್ತಾರೆ. ಹೋಗುವುದರಲ್ಲಿ ಲಾಭ ಉಂಟಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಅಂಗಡಿಗಳ ಲೆಕ್ಕ, ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಬರೆಯುವುದೇ ನನ್ನ ಹೊಟ್ಟೆಪಾಡು, ಆದರೂ ಇದರ ಲೆಕ್ಕ ಇಟ್ಟಿಲ್ಲ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ.

ಗೃಹಲಕ್ಷ್ಮಿ, ಅಂದರೆ ಮನೆಯ ಯಜಮಾನಿಗೆ ಸರ್ಕಾರ ತಿಂಗಳಿಗೆ ಕೊಡುವ 2,000, ನಿಲ್ಲುವುದಿಲ್ಲ. ನೀವು ಅಥವಾ ಯಜಮಾನರು ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಮಾತ್ರ ಗೃಹಲಕ್ಷ್ಮಿ ಇಲ್ಲ. ಕೆಲಸಕ್ಕೆ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. 14,000 ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಪಿಎಫ್ ತೆರಿಗೆ ಅಲ್ಲ, ಅದು ಮುಂದಕ್ಕೆ ಅಂತ ಕೂಡಿಡುವ ನಿಮ್ಮದೇ ಹಣ. ನಿಮ್ಮಿಂದ ಎಷ್ಟು ಹಿಡಿಯುತ್ತಾರೋ ಅಷ್ಟನ್ನೇ ಧಣಿಗಳೂ ಹಾಕಬೇಕು. ಅದಕ್ಕೇ ಪಿಎಫ್ ಬೇಡಮ್ಮಾ, ಕೈಗೇ ಕೊಡ್ತೇವೆ ಅಂತ ಕೆಲವರು ಪ್ರೀತಿಯಿಂದ ಹೇಳುವುದು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಮಾತು ಉಂಟು. ಮದುವೆ ಹಾಲ್‌ನಲ್ಲಿ, ಬಸ್ಸಿನಲ್ಲಿ, ನಾನು ಲೆಕ್ಕ ಬರೆಯುವ ಅಂಗಡಿಗಳ ಕ್ಯಾಶ್ ಕೌಂಟರ್‌ನಲ್ಲಿ, ಎಲ್ಲ ಕಡೆ ಅದೇ ಮಾತು. “ಆ ಎರಡು ಸಾವಿರ ಬರಲಿಕ್ಕೆ ಶುರುವಾದ ಮೇಲೆ ಹೆಂಗಸರು ಕೆಲಸಕ್ಕೇ ಬರುವುದಿಲ್ಲ ಮಾರಾಯ್ರೆ, ಮನೆಯಲ್ಲಿ ಕೂತು ತಿಂತಾರೆ.” ನಾಲ್ಕು ಜನ ತಲೆಯಾಡಿಸುತ್ತಾರೆ. ನಿಮ್ಮ ಮನಸ್ಸಿನಲ್ಲೂ ಅದು ಕೂತಿದೆ, ಇಲ್ಲದಿದ್ದರೆ ಕೆಲಸಕ್ಕೆ ಹೋಗುವುದೇ ಏನೋ ತಪ್ಪು ಎನ್ನುವ ಹಾಗೆ ಕೇಳುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಕೂತು ಮಾತಾಡುವ.

ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ಕ್ಕೆ. ತಿಂಗಳಿಗೆ 2,000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅದೂ ತಿಂಗಳು ತಿಂಗಳು ಸರಿಯಾಗಿ ಬಂದರೆ. ಎರಡು ಮೂರು ತಿಂಗಳು ಸುದ್ದಿಯೇ ಇಲ್ಲದೆ ಆಮೇಲೆ ಒಂದು ಕಂತು ಬಿದ್ದದ್ದು ನಿಮಗೇ ಗೊತ್ತಲ್ವಾ. ಇಂಥ ಹಣವನ್ನು ನಂಬಿ ಯಾರು ಕೆಲಸ ಬಿಡುತ್ತಾರೆ? ಬಾಡಿಗೆಗೆ ಕೊಟ್ಟ ಮನೆಯ ಓನರ್ “ಕಂತು ಬಂದ ಮೇಲೆ ಕೊಡಿ ಪರವಾಗಿಲ್ಲ” ಅನ್ನುತ್ತಾರಾ?

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು ಅಂತ ನನಗೆ ಅನಿಸುವುದುಂಟು. ಅದು ಕೆಲಸ ಬಿಟ್ಟರೆ ಸಿಗುವ ಹಣ ಅಲ್ಲ. ಮನೆಯಲ್ಲಿ ಕೂತರೂ 2,000, ದುಡಿಯಲಿಕ್ಕೆ ಹೋದರೂ 2,000. ಕೆಲಸ ಬಿಟ್ಟರೆ ನೂರು ರೂಪಾಯಿ ಜಾಸ್ತಿ ಬರುತ್ತದೆ ಅಂತಾದರೂ ಇದ್ದಿದ್ದರೆ ಆ ವಾದಕ್ಕೆ ಒಂದು ಕಾಲು ಇರುತ್ತಿತ್ತು. ಅದೂ ಇಲ್ಲ.

ಮತ್ತೆ, ಹಣ ಯಾರ ಖಾತೆಗೆ ಬರುತ್ತದೆ? ರೇಷನ್ ಕಾರ್ಡಿನ ಯಜಮಾನಿಗೆ, ಒಂದು ಮನೆಗೆ ಒಬ್ಬರಿಗೆ. 2013ರ ಆಹಾರ ಭದ್ರತೆ ಕಾನೂನಿನ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಅಂದರೆ ಕೂಡು ಮನೆಗಳಲ್ಲಿ ಎಷ್ಟೋ ಕಡೆ ಅತ್ತೆ. ಅಂಗಡಿಗೆ ಕೆಲಸಕ್ಕೆ ಬರಬೇಕಾದವಳು ಸೊಸೆ, ದುಡ್ಡು ಬೀಳುವುದು ಅರವತ್ತು ದಾಟಿದ ಅತ್ತೆಯ ಖಾತೆಗೆ, ಆದರೂ ಸೊಸೆಗೆ ಸೋಮಾರಿತನ ಬಂತಂತೆ!

ಕೆಲಸಕ್ಕೆ ಜನ ಸಿಗುವುದಿಲ್ಲ ಎನ್ನುವ ದೂರೇನೂ ಹೊಸದಲ್ಲ. ಪುತ್ತೂರು, ಬೆಳ್ತಂಗಡಿ ಕಡೆ ಅಡಿಕೆ ಕೊಯ್ಯುವವರು ಸಿಗುವುದಿಲ್ಲ ಅಂತ ನಾನು ಶಾಲೆಗೆ ಹೋಗುವಾಗಲೇ ಕೇಳಿದ್ದೇನೆ. ಮರ ಹತ್ತುವವರು ಗಂಡಸರು. ಅವರಿಗೆ ಯಾವ ಗೃಹಲಕ್ಷ್ಮಿ? ಬಂದರಿನ ದೋಣಿಗಳಲ್ಲಿ, ಕಟ್ಟಡಗಳಲ್ಲಿ ಒಡಿಶಾ, ಜಾರ್ಖಂಡ್ ಹುಡುಗರು ದುಡಿಯಲಿಕ್ಕೆ ಶುರುಮಾಡಿ ಎಷ್ಟು ವರ್ಷ ಆಯಿತು? ಆಗ ಎರಡು ಸಾವಿರ ಇರಲಿಲ್ಲ.

ಇದು ನನ್ನೊಬ್ಬಳ ವಾದ ಅಂತ ಅನಿಸಿದರೆ, ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಯವರು ಮೆಕ್ಸಿಕೊ, ಇಂಡೋನೇಷ್ಯಾ ಸೇರಿ 6 ದೇಶಗಳ 7 ನಗದು ಸಹಾಯ ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದ್ದಾರೆ. ಹಣ ಸಿಕ್ಕಿತು ಅಂತ ಗಂಡಸರಾಗಲಿ ಹೆಂಗಸರಾಗಲಿ ದುಡಿಮೆ ಕಡಿಮೆ ಮಾಡಿದರು ಎನ್ನಲಿಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಆದರೆ ನನಗೆ ಗೊತ್ತು, ಕ್ಯಾಶ್ ಕೌಂಟರ್‌ನಲ್ಲಿ ಕೂತವರಿಗೆ ಇಂಡೋನೇಷ್ಯಾ ನಾಟುವುದಿಲ್ಲ. ಅದಕ್ಕೆ ನಿಮ್ಮದೇ ಲೆಕ್ಕ ಬಿಡಿಸುತ್ತೇನೆ.

ಸಂಬಳ 14,000. ಅದರಲ್ಲಿ ಪಿಎಫ್ ನೂರಕ್ಕೆ 12ರ ಹಾಗೆ 1,680. ಇಎಸ್‌ಐ ನೂರಕ್ಕೆ ಮುಕ್ಕಾಲು, ಅಂದರೆ 105. ಕೈಗೆ ಬರುವುದು 12,215. ಬೇಬಿ ಸಿಟ್ಟಿಂಗ್‌ಗೆ 5,000 ಕೊಟ್ಟರೆ ಉಳಿದದ್ದು 7,215. ಬಸ್ಸಿಗೆ ಹೋಗಿ ಬರಲಿಕ್ಕೆ ದಿನಕ್ಕೆ 50 ಅಂತ ಹಿಡಿದರೆ 26 ದಿನಕ್ಕೆ 1,300. ಈಗ 5,915. ಇನ್ನು ಮಳೆಗಾಲ. ಬೇಬಿ ಸಿಟ್ಟಿಂಗ್‌ನಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಎಂಟು ಮಕ್ಕಳಿಗೂ ಬರುತ್ತದೆ. ಜ್ವರದ ಮಗುವನ್ನು ಅವರು ಸೇರಿಸುವುದಿಲ್ಲ, ತಪ್ಪೂ ಅಲ್ಲ. ನೀವು ಎರಡು ದಿನ ರಜೆ ಹಾಕಿದರೆ ಸಂಬಳದಲ್ಲಿ ಸುಮಾರು 1,076 ಹೋಯಿತು. ಉಳಿದದ್ದು 4,800 ಚಿಲ್ಲರೆ. ಅಂಗಡಿ ಬಾಗಿಲು ಹಾಕುವುದು ರಾತ್ರಿ ಎಂಟೂವರೆಗೆ, ಬೇಬಿ ಸಿಟ್ಟಿಂಗ್ ಆರಕ್ಕೆ ಮುಗಿಯುತ್ತದೆ. ಆ ಎರಡೂವರೆ ಗಂಟೆ ಮಗು ಎಲ್ಲಿರಬೇಕು ಎನ್ನುವುದನ್ನು ನಾನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈಗ ಹೇಳಿ, ಹೆಂಗಸನ್ನು ಮನೆಯಲ್ಲಿ ಕೂರಿಸುವುದು ಸರ್ಕಾರದ 2,000ವಾ, ಬೇಬಿ ಸಿಟ್ಟಿಂಗ್‌ನ 5,000ವಾ?

ನಾನು ನೋಡಿದ ಹಾಗೆ ಆ ಎರಡು ಸಾವಿರ ಸೀದಾ ಬೇಬಿ ಸಿಟ್ಟಿಂಗ್‌ಗೆ ಹೋಗುವ ಮನೆಗಳು ಎಷ್ಟೋ ಉಂಟು. ಅಂದರೆ ಅದು ಹೆಂಗಸನ್ನು ಕೆಲಸ ಬಿಡಿಸುತ್ತಿಲ್ಲ, ಕೆಲಸಕ್ಕೆ ಕಳಿಸುತ್ತಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಬ್ಬ ಧಣಿಗಳ ಎದುರೇ ಹೇಳಿದ್ದೇನೆ. ನೀವು ಕೊಡುವ ಸಂಬಳದಲ್ಲಿ ಒಂದು ಮನೆ ನಡೆಯುವುದಿಲ್ಲ. ಅಕ್ಕಿ ಸೊಸೈಟಿಯಿಂದ ಬರುತ್ತದೆ, ಕರೆಂಟು 200 ಯುನಿಟ್‌ನ ಒಳಗೆ ಫ್ರೀ, ಮೇಲಿಂದ 2,000. ಇಷ್ಟೆಲ್ಲ ಸೇರಿದ್ದಕ್ಕೇ ಅವಳು ನಿಮ್ಮ ಸಂಬಳಕ್ಕೆ ಬಂದು ಹತ್ತು ಗಂಟೆ ನಿಲ್ಲುವುದು. ಆ ದುಡ್ಡು ಅರ್ಧ ನಿಮಗೇ ಸಿಕ್ಕಿದ ಹಾಗೆ ಅಲ್ವಾ? ಅವರು ಚಹಾ ತರಿಸಿದರು, ಉತ್ತರ ಕೊಡಲಿಲ್ಲ.

ಶಕ್ತಿ ಯೋಜನೆ ಬಗ್ಗೆಯೂ ಯಾರೋ ಹೇಳಿಯೇ ಹೇಳುತ್ತಾರೆ, ಬಸ್ಸು ಫ್ರೀ ಅಲ್ವಾ ಅಂತ. 2023ರ ಜೂನ್ 11ರಿಂದ ಫ್ರೀ, ನಿಜ. ಸರ್ಕಾರಿ ಬಸ್ಸಿನಲ್ಲಿ. ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ಸು ಹೆಚ್ಚಾಗಿ ಯಾರದ್ದು? ಖಾಸಗಿಯವರದ್ದು. ಸುರತ್ಕಲ್‌ನಿಂದ ಬರುವಾಗ ಕಂಡಕ್ಟರಣ್ಣನಿಗೆ ಆಧಾರ್ ಕಾರ್ಡ್ ತೋರಿಸಿ ನೋಡಿ, ನಗುತ್ತಾನೆ. ಮೈಸೂರಿನ ಹೆಂಗಸಿಗೆ ಆದ ಉಳಿತಾಯ ನಮ್ಮವರಿಗೆ ಆಗಲಿಲ್ಲ.

ನಿಜವಾಗಿ ಹೆದರಬೇಕಾದ ಜಾಗ ಒಂದುಂಟು, ಅದನ್ನು ನೀವು ಕೇಳಲಿಲ್ಲ. ರೇಷನ್ ಕಾರ್ಡ್. ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. ತಿಂಗಳಿಗೆ 10,000. ಅಂಗಡಿ ಕೆಲಸಕ್ಕೆ ಇದೇ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಆ 10,000 ದಾಟಿ ವರ್ಷಗಳಾದವು. ಒಂದು ಕೈಯಲ್ಲಿ “ಇದಕ್ಕಿಂತ ಕಡಿಮೆ ಕೊಡಬಾರದು” ಅನ್ನುತ್ತಾರೆ, ಇನ್ನೊಂದು ಕೈಯಲ್ಲಿ “ಅಷ್ಟು ಸಿಕ್ಕಿದರೆ ನೀನು ಬಡವಳಲ್ಲ” ಅನ್ನುತ್ತಾರೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ಆದಾಗ ನನ್ನ ಫೋನು ಒಂದು ವಾರ ತಣ್ಣಗಾಗಲಿಲ್ಲ.

ನಿಮ್ಮ ಕಾರ್ಡ್ ಎಪಿಎಲ್‌ಗೆ, ಅಂದರೆ ಬಡತನ ರೇಖೆಗಿಂತ ಮೇಲಿನವರ ಕಾರ್ಡಿಗೆ ಹೋದರೆ ಗೃಹಲಕ್ಷ್ಮಿ ಹೋಗುವುದಿಲ್ಲ, ಅದು ಎಪಿಎಲ್‌ನವರಿಗೂ ಉಂಟು. ಹೋಗುವುದು ಅಕ್ಕಿ. ಆಸ್ಪತ್ರೆಯ ವಿಷಯದಲ್ಲೂ ವ್ಯತ್ಯಾಸ ದೊಡ್ಡದು. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ ನೂರಕ್ಕೆ 30 ಮಾತ್ರ, ಅದೂ 1.5 ಲಕ್ಷದವರೆಗೆ. ಅದಕ್ಕೇ ಹೇಳುವುದು, ಅಂಗಡಿಯಲ್ಲಿ ಮೊದಲು ಇಎಸ್‌ಐ ಉಂಟಾ ಕೇಳಿ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಅದು ಸಿಗುತ್ತದೆ. 105 ರೂಪಾಯಿಗೆ ಮನೆಯವರಿಗೆಲ್ಲ ಚಿಕಿತ್ಸೆ. ಇಎಸ್‌ಐ ಇದ್ದರೆ ಕಾರ್ಡಿನ ಹೆದರಿಕೆ ಅರ್ಧ ಇಳಿಯುತ್ತದೆ. ಇಎಸ್‌ಐ ಇಲ್ಲ, ಪಿಎಫ್ ಇಲ್ಲ, ಬರೇ 14,000 ಅಂದರೆ ಇನ್ನೊಂದು ಅಂಗಡಿ ನೋಡಿ.

ಅಂಗಡಿಯವರೇ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಬೇಕು ಅಂತ ಕಾನೂನೂ ಉಂಟು. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿ, 50 ಜನ ಕೆಲಸಕ್ಕಿದ್ದರೆ ಶಿಶುವಿಹಾರ ಇರಲೇಬೇಕು. ನಾನು ಹಾಜರಿ ಪುಸ್ತಕ ಬರೆಯುವ ಯಾವ ಅಂಗಡಿಯಲ್ಲೂ ಜನ 50 ಆಗುವುದಿಲ್ಲ, ದೀಪಾವಳಿ ಸೀಸನ್‌ನಲ್ಲೂ ಆಗುವುದಿಲ್ಲ.

ನನ್ನ ಅಮ್ಮ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ (ಮೊರ), ಕಾಲ ಬೆರಳಿಗೆ ತೊಟ್ಟಿಲ ಹಗ್ಗ. ಕೈ ಎಲೆ ಸುತ್ತುತ್ತಿತ್ತು, ಕಾಲು ನನ್ನ ತಮ್ಮನನ್ನು ತೂಗುತ್ತಿತ್ತು. ಸಂಜೆ ಕಟ್ಟು ಹಿಡಿದು ಬೀಡಿ ಕಂಪನಿಯ ಬ್ರಾಂಚಿಗೆ. ಈ ಜಿಲ್ಲೆಯ ಹೆಂಗಸರು ಅಷ್ಟು ಕಡಿಮೆ ದುಡ್ಡಿಗೆ ಯಾಕೆ ಅಷ್ಟು ವರ್ಷ ಬೀಡಿ ಕಟ್ಟಿದರು ಅಂದರೆ, ಮಗುವನ್ನು ಎಲ್ಲೂ ಬಿಡಬೇಕಾಗಿರಲಿಲ್ಲ. ಬೇಬಿ ಸಿಟ್ಟಿಂಗ್‌ನ ಖರ್ಚನ್ನು ಅವರು ತಮ್ಮ ಕೂಲಿಯಲ್ಲೇ ಕಳೆದುಕೊಂಡಿದ್ದರು, ಯಾರೂ ಅದನ್ನು ಲೆಕ್ಕದಲ್ಲಿ ಬರೆಯಲಿಲ್ಲ ಅಷ್ಟೆ. ಈಗ ಬೀಡಿ ಕೆಲಸವೂ ಕಡಿಮೆಯಾಗಿದೆ, ಕಲಿತ ಹುಡುಗಿಯರು ಅದಕ್ಕೆ ಕೂರುವುದೂ ಇಲ್ಲ.

ಮಗುವಿಗೆ ಮೂರು ತುಂಬಿದ ಮೇಲೆ ಅಂಗನವಾಡಿ ಉಂಟು, ಊಟ ಮೊಟ್ಟೆ ಎಲ್ಲ ಸೇರಿ ಫ್ರೀ. ನಿಮಗೆ ಇನ್ನು ಆರು ತಿಂಗಳು. ಆದರೆ ಅದು ನಾಲ್ಕು ಗಂಟೆಗೆ ಬಿಡುತ್ತದೆ. “ಎಂಟರವರೆಗೆ ಇಟ್ಟುಕೊಂಡರೆ ಟೀಚರ್‌ಗೆ ಏನು ಕಷ್ಟ?” ಅಂತ ಕೆಲವರು ಕೇಳುತ್ತಾರೆ. ಆ ಟೀಚರ್‌ಗೆ ಕೊಡುವುದು ಸಂಬಳ ಅಲ್ಲ, ಗೌರವಧನ. ಹಾಗಾಗಿ ಕನಿಷ್ಠ ವೇತನದ ಮಾತೇ ಇಲ್ಲ. ಕೇಂದ್ರದ ಪಾಲು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 4,500 ಆಯಿತು, ಸಹಾಯಕಿಗೆ 2,250. ಮೇಲಿನದ್ದನ್ನು ರಾಜ್ಯ ಸೇರಿಸುತ್ತದೆ. ಕೆಲಸ ಮುಗಿಸಿ ಹೋಗುವಾಗ ಕೊಡುವ ಗ್ರಾಚ್ಯುಟಿ ಸಿಗಬೇಕಾದರೂ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಅಲ್ಲಿಂದ ತೀರ್ಪು ಬಂದದ್ದು 2022ರ ಏಪ್ರಿಲ್‌ನಲ್ಲಿ.

ನಮ್ಮ ವಾರ್ಡಿನ ಅಂಗನವಾಡಿ ಸಹಾಯಕಿ ನಾಲ್ಕೂವರೆಗೆ ಮನೆಗೆ ಬಂದು, ಅದೇ ಅಂಗನವಾಡಿಯ ಮೂರು ಮಕ್ಕಳನ್ನು ಎಂಟೂವರೆವರೆಗೆ ನೋಡಿಕೊಳ್ಳುತ್ತಾರೆ. ತಲೆಗೆ 1,500. ಮೂವರು ಅಮ್ಮಂದಿರೂ ಅಂಗಡಿಯಲ್ಲಿ ಕೆಲಸ ಮಾಡುವವರು. ಸುರತ್ಕಲ್‌ನಲ್ಲೂ ಇಂಥವರು ಇದ್ದೇ ಇರುತ್ತಾರೆ, ನಿಮ್ಮ ಅಂಗನವಾಡಿಗೆ ಹೋಗಿ ವಿಚಾರಿಸಿ. ನಾಲ್ಕು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅಂತ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿದರೂ ಗೊತ್ತಾಗುತ್ತದೆ.

ಮಂಜೇಶ್ವರದಿಂದ ಬರೆದ ಇಬ್ಬರಿಗೆ: ನಿಮ್ಮದು ಕೇರಳದ ಕಾರ್ಡ್, ಗೃಹಲಕ್ಷ್ಮಿ ಇಲ್ಲ. ಇದನ್ನೂ ಎಷ್ಟನೇ ಸಲ ಹೇಳುತ್ತಿದ್ದೇನೋ. ಮಂಗಳೂರಿನಲ್ಲಿ ಕೆಲಸಕ್ಕಿದ್ದರೆ ಪಿಎಫ್, ಇಎಸ್‌ಐ ಮಾತ್ರ ಕೇಳಿ ತೆಗೆದುಕೊಳ್ಳಿ, ಅದಕ್ಕೆ ರಾಜ್ಯದ ಗಡಿ ಇಲ್ಲ.