ನೀರಿನಿಂದ ಓಡುವ ಗಾಡಿ ಕಲಬುರಗಿಗೆ ಯಾಕೆ ಬರಲಿಲ್ಲ?

ಹೋದ ಬೇಸಿಗೆಯ ಮಾತು. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ಬ್ಯಾಟರಿ ಸ್ಕೂಟರ್ ತಗೊಳ್ಳುವ ಮಾತು ತೆಗೆದೆ. ಪಕ್ಕದ ಬೆಂಚಿನ ಹಿರಿಯರು ಅಲ್ಲೇ ತಡೆದರು. "ಅವಸರ ಮಾಡಬ್ಯಾಡ್ರಿ ಸರ. ಮುಂದ ಹೈಡ್ರೋಜನ್ ಗಾಡಿ ಬರ್ಲತ್ತಾವಂತ. ನೀರ್ ಹಾಕಿದ್ರ ಓಡ್ತಾವಂತ." ಇನ್ನೊಬ್ಬರು ನಕ್ಕರು. "ಮನಿಗೇ ನೀರಿಲ್ಲ, ಗಾಡಿಗಿ ಎಲ್ಲಿಂದ ತರ್ತಿ ಕಾಕಾ?"

ಈ ನೀರಿನ ಗಾಡಿಯ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ. 2022ರ ಮಾರ್ಚ್ 30ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಟೊಯೊಟಾ ಮಿರಾಯ್ ಎಂಬ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದಿದ್ದರು. ಹೊಗೆ ಇಲ್ಲ, ಬರೀ ನೀರು ಎಂದು ಟಿವಿಗಳು ತೋರಿಸಿದವು. ಆದರೆ ಆ ನೀರು ಕಾರಿನಿಂದ ಹೊರಗೆ ಬರುವಂಥದ್ದು. ಒಳಗೆ ಹಾಕುವುದು ಹೈಡ್ರೋಜನ್ ಅನಿಲ. ಅದು ಫ್ಯುಯೆಲ್ ಸೆಲ್ ಎಂಬ ಸಾಧನದಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಕರೆಂಟ್ ಹುಟ್ಟುತ್ತದೆ, ನೀರು ಮಿಕ್ಕುತ್ತದೆ. ಚಕ್ರ ತಿರುಗಿಸುವುದು ಆ ಕರೆಂಟೇ. ಅಂದರೆ ಹೈಡ್ರೋಜನ್ ಕಾರೂ ಒಂದು ಎಲೆಕ್ಟ್ರಿಕ್ ಕಾರೇ. ದೊಡ್ಡ ಬ್ಯಾಟರಿ ಇರುವ ಜಾಗದಲ್ಲಿ ಅನಿಲದ ಟ್ಯಾಂಕ್, ಫ್ಯುಯೆಲ್ ಸೆಲ್ ಇರುತ್ತವೆ, ಅಷ್ಟೇ ವ್ಯತ್ಯಾಸ.

ಕೇಳಲು ಹೊಸದು ಅನಿಸಿದರೂ ಇದು ತೀರಾ ಹಳೆಯದು. ಬ್ರಿಟನ್ನಿನ ವಿಲಿಯಂ ಗ್ರೋವ್ 1839ರಲ್ಲೇ ಹೈಡ್ರೋಜನ್‌ನಿಂದ ಕರೆಂಟ್ ತೆಗೆದಿದ್ದ. ಸೀಸದ ಬ್ಯಾಟರಿ ಬಂದದ್ದು ಅದಾದ 20 ವರ್ಷಕ್ಕೆ, 1859ರಲ್ಲಿ. 1900ರ ಹೊತ್ತಿಗೆ ಅಮೆರಿಕದ ರಸ್ತೆಗಳಲ್ಲಿ ಮೂರರಲ್ಲಿ ಒಂದು ಕಾರು ಬ್ಯಾಟರಿಯದ್ದೇ ಆಗಿತ್ತು. ಆಮೇಲೆ ಪೆಟ್ರೋಲ್ ಎರಡನ್ನೂ ಮೂಲೆಗೆ ತಳ್ಳಿತು.

ಫ್ಯುಯೆಲ್ ಸೆಲ್‌ಗೆ ಮರುಜೀವ ಕೊಟ್ಟಿದ್ದು ಬಾಹ್ಯಾಕಾಶ. ಚಂದ್ರನ ಬಳಿ ಹೋದ ಅಪೊಲೊ ನೌಕೆಗಳಲ್ಲಿ ಕರೆಂಟ್ ಬರುತ್ತಿದ್ದದ್ದು ಇದರಿಂದಲೇ. ಮಿಕ್ಕ ನೀರನ್ನು ಯಾತ್ರಿಗಳು ಕುಡಿಯುತ್ತಿದ್ದರು. ಅದನ್ನೇ ನೆಲದ ಮೇಲೆ ಓಡಿಸಲು ಜನರಲ್ ಮೋಟಾರ್ಸ್ 1966ರಲ್ಲಿ ಒಂದು ವ್ಯಾನ್ ಕಟ್ಟಿತು. ಟ್ಯಾಂಕು, ಪೈಪುಗಳೇ ವ್ಯಾನ್ ತುಂಬಿ ಇಬ್ಬರು ಕೂರಲಷ್ಟೇ ಜಾಗ ಉಳಿಯಿತು!

ಇಷ್ಟಾದರೂ ಹೈಡ್ರೋಜನ್ ಆಸೆ ಬತ್ತಲಿಲ್ಲ. ಯಾಕೆಂದರೆ ಬ್ಯಾಟರಿಯ ಪಾಡು ಇನ್ನೂ ಕೆಟ್ಟದಾಗಿತ್ತು. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಒಮ್ಮೆ ಎತ್ತಿ ನೋಡಿ, ಗೊತ್ತಾಗುತ್ತದೆ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ ಇದ್ದದ್ದೂ ಅದೇ ಸೀಸದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಹೋಗುತ್ತಿತ್ತು. ಕಲಬುರಗಿಯಿಂದ ಹೊರಟರೆ ಹುಮನಾಬಾದ್ ದಾಟಿ ಸ್ವಲ್ಪ ಮುಂದಕ್ಕೆ, ಬೀದರ್ ಮುಟ್ಟುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ, 2003ರಲ್ಲಿ, ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಹೈಡ್ರೋಜನ್ ಕಾರಿನ ಸಂಶೋಧನೆಗೆ 120 ಕೋಟಿ ಡಾಲರ್ ಘೋಷಿಸಿದ್ದರಲ್ಲಿ ಅರ್ಥವಿತ್ತು.

ಪಾಳಿ ತಿರುಗಿಸಿದ್ದು ಕಾರಲ್ಲ, ನಮ್ಮ ಕೈಯಲ್ಲಿರುವ ಮೊಬೈಲ್. ಸೋನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ವಿಡಿಯೊ ಕ್ಯಾಮೆರಾಗೆಂದು. ಆಮೇಲೆ ಲ್ಯಾಪ್‌ಟಾಪ್, ಮೊಬೈಲ್ ಅಂತ ಕೋಟಿಗಟ್ಟಲೆ ಬ್ಯಾಟರಿಗಳು ತಯಾರಾದವು, ಬೆಲೆ ಇಳಿಯುತ್ತಾ ಹೋಯಿತು. 2010ರಲ್ಲಿ ಒಂದು ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರ್ ಮೇಲಿದ್ದ ಬೆಲೆ 2024ಕ್ಕೆ 115 ಡಾಲರ್‌ಗೆ ಬಂತು. ದಾರಿ ಮಾಡಿಕೊಡುವ ಇಂಥ ಅಣ್ಣಂದಿರು ಹೈಡ್ರೋಜನ್‌ಗೆ ಇರಲಿಲ್ಲ. ಮಿರಾಯ್ 2014ರಲ್ಲಿ ಬರುವಷ್ಟರಲ್ಲಿ ಬ್ಯಾಟರಿ ಬಹಳ ಮುಂದೆ ಹೋಗಿತ್ತು.

ಈಗ ಆ ಬೆಂಚಿನ ಮೇಲೆ ನಾನು ಹೇಳಿದ ಲೆಕ್ಕ. ನೀರನ್ನು ಒಡೆದು ಒಂದು ಕಿಲೊ ಹೈಡ್ರೋಜನ್ ತೆಗೆಯಲು ಕನಿಷ್ಠ 9 ಲೀಟರ್ ನೀರು ಬೇಕು. ಶುದ್ಧ ಮಾಡಲು, ತಂಪು ಮಾಡಲು ಇನ್ನೂ ಜಾಸ್ತಿ. ಆದರೂ ನೀರು ದೊಡ್ಡ ಖರ್ಚಲ್ಲ. ಖರ್ಚು ಕರೆಂಟಿನದು: 50ರಿಂದ 55 ಯೂನಿಟ್. ಆಮೇಲೆ ಅದನ್ನು ವಾತಾವರಣದ ಒತ್ತಡಕ್ಕಿಂತ 700 ಪಟ್ಟು ಒತ್ತಿ ಟ್ಯಾಂಕಿಗೆ ತುಂಬಬೇಕು. ಇಷ್ಟೆಲ್ಲ ಆದ ಮೇಲೆ ಆ ಒಂದು ಕಿಲೊದಲ್ಲಿ ಕಾರು ಓಡುವುದು ಸುಮಾರು 100 ಕಿ.ಮೀ. ಅದೇ 55 ಯೂನಿಟ್ ನೇರ ಬ್ಯಾಟರಿಗೆ ಹಾಕಿದರೆ, ಸೋರಿಕೆ ಕಳೆದರೂ 300 ಕಿ.ಮೀ. ದಾಟುತ್ತದೆ. ನಮ್ಮ ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟೇ ಕರೆಂಟ್ ತೆಗೆಯುವುದು, ಅಲ್ವಾ? ಅಂಥ ಕರೆಂಟಿನಿಂದ ಹೈಡ್ರೋಜನ್ ಮಾಡಿದರೆ ಅಷ್ಟೇ ದೂರಕ್ಕೆ ಮೂರು ಪಟ್ಟು ಕಲ್ಲಿದ್ದಲು ಸುಟ್ಟಂತೆ.

ಹೈಡ್ರೋಜನ್ ಪರವಾಗಿ ಒಂದು ಮಾತು ನಿಜ. ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ. ಆದರೆ ತುಂಬಲು ಬಂಕ್ ಇರಬೇಕಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ದುಡ್ಡಿನ ರಾಜ್ಯದಲ್ಲೇ ಶೆಲ್ ಕಂಪನಿ 2024ರಲ್ಲಿ ಕಾರುಗಳಿಗೆ ಹೈಡ್ರೋಜನ್ ತುಂಬುವ ತನ್ನ ಬಂಕ್‌ಗಳನ್ನು ಮುಚ್ಚಿತು. ಅಲ್ಲಿ ಕಿಲೊಗೆ 36 ಡಾಲರ್‌ವರೆಗೂ ದರ ಏರಿತ್ತು. ನಮ್ಮಲ್ಲಿ ಸ್ಕೂಟರ್‌ಗೆ ಬೇಕಾದ ಬಂಕ್ ಮನೆಯ ಪಡಸಾಲೆಯಲ್ಲೇ ಇದೆ. ನಾಲ್ಕು ಯೂನಿಟ್ ಕರೆಂಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೂ 24 ರೂಪಾಯಿ. ಅಷ್ಟಕ್ಕೆ ನೂರರ ಹತ್ತಿರ ಕಿ.ಮೀ. ಓಡುತ್ತದೆ. ಹಳ್ಳಿಯಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಕಾಯಬೇಕು. ಸ್ಕೂಟರ್‌ಗೆ ಮನೆಯ ಸಿಂಗಲ್ ಫೇಸೇ ಸಾಕು.

"ನಮ್ಮ ಬಿಸಿಲಿಗಿ ಸುಟ್ಟು ಹೋಗಲ್ಲೇನ್ರಿ?" ಎಂಬ ಪ್ರಶ್ನೆಯೂ ಬಂತು. ಭಯ ಸುಳ್ಳಲ್ಲ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿತ್ತು. ಆಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಶಾಖವನ್ನು ಹೆಚ್ಚು ತಡೆಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳೂ ಈಗ ಸಿಗುತ್ತವೆ. ಆದರೂ 43 ಡಿಗ್ರಿಯ ಬಿಸಿಲಲ್ಲಿ ಯಾವ ಬ್ಯಾಟರಿಯ ಆಯಸ್ಸೂ ಕಡಿಮೆಯಾಗುತ್ತದೆ. ಮಧ್ಯಾಹ್ನ ನೆರಳಲ್ಲಿ ನಿಲ್ಲಿಸಿ, ಗಾಡಿ ಆರಿದ ಮೇಲೆ ರಾತ್ರಿ ಚಾರ್ಜ್‌ಗೆ ಹಾಕುವುದೇ ವಾಸಿ.

ಹಿರಿಯರು ಸುಲಭಕ್ಕೆ ಬಿಡುವವರಲ್ಲ. "ನನ್ನ ಮಗ ವಾಡಿಯಿಂದ ಸಿಮೆಂಟ್ ಲಾರಿ ಹೊಡೀತಾನ. ಅದಕ್ಕ ಏನ್ ಹೇಳ್ತೀರಿ?" ಇದು ಸರಿಯಾದ ಪ್ರಶ್ನೆ. ಲಾರಿಗೆ 300 ಯೂನಿಟ್ ಹಿಡಿಯುವ ಬ್ಯಾಟರಿ ಕಟ್ಟಿದರೆ ಅದರ ತೂಕವೇ ಎರಡು ಟನ್ ಹತ್ತಿರ. ಅಷ್ಟು ಸಿಮೆಂಟ್ ಕಡಿಮೆ ಹೇರಬೇಕು. ಚಾರ್ಜ್ ಆಗುವವರೆಗೆ ಲಾರಿ ನಿಂತರೆ ಬಾಡಿಗೆಯೂ ನಿಲ್ಲುತ್ತದೆ. ಹಾಗಾಗಿ ಹೈಡ್ರೋಜನ್‌ಗೆ ಇನ್ನೂ ಜಾಗ ಇರುವುದು ಭಾರಿ ಲಾರಿಗಳಲ್ಲೇ. ಟಾಟಾ ಮೋಟಾರ್ಸ್ 2025ರ ಮಾರ್ಚ್‌ನಲ್ಲಿ ಇಂಥ 16 ಲಾರಿಗಳ ಪ್ರಯೋಗ ಶುರು ಮಾಡಿತು. ಮುಂಬೈ, ಪುಣೆ, ಸೂರತ್, ಜಮ್‌ಶೆಡ್‌ಪುರ ಮುಂತಾದ ಕಡೆಯ ಹೆದ್ದಾರಿಗಳವು. ನಮ್ಮ ಕಡೆ ಯಾವುದೂ ಇಲ್ಲ. ಅತ್ತ ಚೀನಾದಲ್ಲಿ ಭಾರಿ ಲಾರಿಗಳೂ ಬ್ಯಾಟರಿಗೆ ತಿರುಗುತ್ತಿವೆ, ಖಾಲಿ ಬ್ಯಾಟರಿ ಇಳಿಸಿ ತುಂಬಿದ್ದನ್ನು ಏರಿಸುವ ಕೇಂದ್ರಗಳೂ ಇವೆ. ನನ್ನನ್ನು ಕೇಳಿದರೆ, ವಾಡಿಯಿಂದ ಇಲ್ಲೇ ಸುತ್ತಮುತ್ತ ಓಡುವ ಲಾರಿಗೆ ಬ್ಯಾಟರಿಯೇ ಮೊದಲು ಬರುತ್ತದೆ. ಬೆಂಗಳೂರಿಗೆ ಹೋಗುವ ಲಾರಿಯ ಬಗ್ಗೆ ಪಂಥ ಕಟ್ಟಲು ನಾನು ತಯಾರಿಲ್ಲ.

ಹಾಗಾದರೆ 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲಗಳ ಕರೆಂಟಿನಿಂದ ತೆಗೆದದ್ದು) ಯೋಜನೆ ಒಪ್ಪಿದ್ದು ಯಾಕೆ? ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅದರ ಮುಖ್ಯ ಗಿರಾಕಿ ಕಾರುಗಳಲ್ಲ. ತೈಲ ಶುದ್ಧೀಕರಣ, ಉಕ್ಕು, ರಸಗೊಬ್ಬರ. ತೊಗರಿ ಬಿತ್ತುವಾಗ ಹಾಕುವ ಡಿಎಪಿ, ಹತ್ತಿಗೆ ಹಾಕುವ ಯೂರಿಯಾ, ಎರಡಕ್ಕೂ ಅಮೋನಿಯಾ ಬೇಕು. ಅಮೋನಿಯಾಕ್ಕೆ ಹೈಡ್ರೋಜನ್ ಬೇಕೇ ಬೇಕು. ಅಲ್ಲಿ ಬ್ಯಾಟರಿ ಏನೂ ಮಾಡಲಾರದು.

ಇದನ್ನು ಹೇಳಿದಾಗ ಹಿರಿಯರು ಕಪ್ ಕೆಳಗಿಟ್ಟರು.

"ಅಂದ್ರ ಹೈಡ್ರೋಜನ್ ನಮ್ಮೂರಿಗಿ ಗೊಬ್ಬರದ ಚೀಲದಾಗ ಬರ್ತದ ಅನ್ರಿ."