40 ಪಿಟೀಲು, 15 ದಿನ

ಮಾರ್ಚ್ ಮುಗಿಯುತ್ತಿದ್ದಂತೆ ಫೋನ್ ಶುರುವಾಗುತ್ತದೆ. ‘ಮೇಷ್ಟ್ರೇ, ಬೇಸಿಗೆಗೆ ನಮ್ಮೂರಲ್ಲಿ ಸಂಗೀತೋತ್ಸವ. 40 ಪಿಟೀಲು ಒಟ್ಟಿಗೆ ನುಡಿಸಬೇಕು. ಇನ್ನೂ 15 ದಿನ ಇದೆ, ಆಗುತ್ತೆ ಅಲ್ವಾ?’

ಆಗಲ್ಲ. ಶಿವಮೊಗ್ಗದಲ್ಲಿ ಇಷ್ಟು ವರ್ಷ ಪಿಟೀಲು ಕಲಿಸಿ, ಇದನ್ನೇ ಹೇಳಿ ಹೇಳಿ ಸಾಕಾಗಿದೆ.

ಕೇಳುವವರ ಪ್ರೀತಿ ದೊಡ್ಡದು. ಅಡಿಕೆ ಮಾರಿದ ದುಡ್ಡಲ್ಲಿ ಶಾಮಿಯಾನ ಹಾಕಿಸಿ, ಬಂದವರಿಗೆಲ್ಲ ಊಟ ಬಡಿಸುತ್ತಾರೆ. ಆದರೆ ವಾದ್ಯ ಜಾಸ್ತಿಯಾದರೆ ವೃಂದ ಬೆಳೆಯಿತು ಅಂದುಕೊಳ್ಳುತ್ತಾರೆ.

ಕಳೆದ ಸಲ ಒಬ್ಬರು ಅಮೆರಿಕದ ಟ್ಯಾಂಗಲ್‌ವುಡ್ ಉತ್ಸವದ ವಿಡಿಯೊ ತೋರಿಸಿದರು. ಬೆಟ್ಟದ ಸೀಮೆ, ಹುಲ್ಲುಹಾಸು, ದೊಡ್ಡ ಚಾವಣಿ. 1937ರಲ್ಲಿ ಅಲ್ಲಿ ಗುಡುಗು ಮಳೆ ಬಂದು ಕಛೇರಿ ಕೆಟ್ಟಿತ್ತು, ಮರುವರ್ಷವೇ ಆ ಚಾವಣಿ ಎದ್ದಿತು. ಮಲೆನಾಡಿನವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆದರೆ ಅಲ್ಲಿ ನುಡಿಸುವ ಬಾಸ್ಟನ್ ವೃಂದ ಶುರುವಾದದ್ದು 1881ರಲ್ಲಿ. ಹೆನ್ರಿ ಲೀ ಹಿಗಿನ್ಸನ್ ಎಂಬ ಬ್ಯಾಂಕರ್ ತಮ್ಮ ಕೈಯಿಂದ ದುಡ್ಡು ಹಾಕಿ, ಕಲಾವಿದರಿಗೆ ಸಂಬಳ ಕೊಟ್ಟು, ಒಟ್ಟಿಗೆ ಕೂತು ಅಭ್ಯಾಸ ಮಾಡಿಸಿದರು. ಆ ಬೆಟ್ಟಗಳ ಬೇಸಿಗೆ ಉತ್ಸವಕ್ಕೆ ವೃಂದ ಹೋದದ್ದು 1936ರಲ್ಲಿ. ನಡುವೆ 55 ವರ್ಷ! 1940ರಲ್ಲಿ ಅಲ್ಲೇ ಎಳೆಯ ಕಲಾವಿದರಿಗೆ ಶಾಲೆಯನ್ನೂ ತೆರೆದರು.

55 ವರ್ಷ ಕಾಯಿರಿ ಅನ್ನುತ್ತಿಲ್ಲ. ಎಲ್ಲ ಊರಿಗೂ ಒಂದೇ ಲೆಕ್ಕವೂ ಅಲ್ಲ.

ತೀರ್ಥಹಳ್ಳಿ ಕಡೆ ಒಮ್ಮೆ 22 ಮಕ್ಕಳನ್ನು ಕೂರಿಸಿದ್ದೆವು. ಸಂಜೆ ಮಳೆ ಹನಿಯಿತು. ಥಂಡಿಗೆ ಮೃದಂಗದ ಶ್ರುತಿ ಇಳಿಯಿತು. ಮೃದಂಗದವರು ಕಲ್ಲು ತೆಗೆದುಕೊಂಡು ಮುಚ್ಚಿಗೆಯ, ಅಂದರೆ ಚರ್ಮದ ಹೊದಿಕೆಯ, ಅಂಚು ತಟ್ಟಿ, ಎರಡೇ ನಿಮಿಷದಲ್ಲಿ ಸರಿ ಮಾಡಿಕೊಂಡರು. ಮಕ್ಕಳಿಗೆ ತಮ್ಮ ತಂತಿ ಜಾರಿದ್ದೇ ಗೊತ್ತಾಗಲಿಲ್ಲ. ನಾಲ್ವರ ಕಮಾನು ಮೇಲೆ ಹೋದರೆ ಉಳಿದವರದು ಕೆಳಗೆ. ಪಾಠ ಎಲ್ಲರಿಗೂ ಬಾಯಿಪಾಠವಾಗಿತ್ತು. ಪಕ್ಕದವರನ್ನು ಕೇಳಿಸಿಕೊಳ್ಳುತ್ತಾ ನುಡಿಸುವುದು ಮಾತ್ರ ಬಂದಿರಲಿಲ್ಲ. ಅದನ್ನು 15 ದಿನದಲ್ಲಿ ತುಂಬಲು ನನಗೆ ಬರುವುದಿಲ್ಲ. ಮನೆಯಲ್ಲಿ ಒಬ್ಬರೇ ಎಷ್ಟು ಸಾಧನೆ ಮಾಡಿದರೂ ಅದು ಬರುವುದಿಲ್ಲ. ವಾರವಾರ ಒಂದೇ ಜಾಗದಲ್ಲಿ, ಅದೇ ಜನರ ಜೊತೆ ಕೂರಬೇಕು.

ಹಾಗಾಗಿ ಶಾಮಿಯಾನದ ದುಡ್ಡಲ್ಲಿ ಅರ್ಧವನ್ನು ಮಕ್ಕಳ ಬಸ್ ಚಾರ್ಜಿಗೆ, ಕಲಿಸುವವರ ಸಂಬಳಕ್ಕೆ ಎತ್ತಿಡಿ. ಜೂನ್‌ನಲ್ಲೇ ಶುರು ಮಾಡಿ.

ಸಾಗರದಲ್ಲಿ ಒಂದು ಮನೆಯ ಜಗಲಿಯಲ್ಲಿ 9 ಮಕ್ಕಳು ಪ್ರತಿ ಭಾನುವಾರ ಸೇರುತ್ತಾರೆ. ಆಷಾಢದಲ್ಲಿ ಹೋಗಿದ್ದೆ. ತಗಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ದೊಡ್ಡ ಹುಡುಗಿಯೊಬ್ಬಳ ಕಮಾನನ್ನೇ ನೋಡುತ್ತಾ ಉಳಿದ ಎಂಟೂ ಮಕ್ಕಳು ನುಡಿಸುತ್ತಿದ್ದರು. ಮಳೆ ನಿಂತಾಗ ಒಂಬತ್ತೂ ಪಿಟೀಲು ಒಂದೇ ಸ್ವರದಲ್ಲಿದ್ದವು.