ಕತ್ತರಿ ಯಾರ ಕೈಯಲ್ಲಿದೆ? ಅಭಿಮಾನಿ ತಾಣಗಳ ಹಳೇ ಜಗಳ

1951ರ ನವೆಂಬರ್ 23. ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಎರಡು ಕಾಲೇಜು ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಆಟ ಸಿಕ್ಕಾಪಟ್ಟೆ ಒರಟಾಗಿತ್ತು. ಪ್ರಿನ್ಸ್‌ಟನ್‌ನ ಸ್ಟಾರ್ ಆಟಗಾರ ಡಿಕ್ ಕಾಜ್ಮೈಯರ್ ಮೂಗು ಮುರಿದುಕೊಂಡು ಹೊರಗೆ ಹೋದರು. ಆಮೇಲೆ ಡಾರ್ಟ್‌ಮತ್‌ನ ಒಬ್ಬನ ಕಾಲು ಮುರಿಯಿತು. ಎರಡೂ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಗಳು ಪಂದ್ಯವನ್ನು ತಮ್ಮ ತಮ್ಮ ಕಣ್ಣಿನಿಂದಲೇ ಬರೆದವು.

ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಸಂಶೋಧಕರು ಆ ಪಂದ್ಯದ ಫಿಲ್ಮನ್ನೇ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ತಪ್ಪುಗಳನ್ನು ಎಣಿಸಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್‌ನವರಿಗೆ ಸರಾಸರಿ 9.8 ಕಂಡವು. ಡಾರ್ಟ್‌ಮತ್‌ನವರಿಗೆ 4.3. ಅಧ್ಯಯನ 1954ರಲ್ಲಿ ಅಚ್ಚಾಯಿತು. ಅದರಲ್ಲಿ ನನಗೆ ಅಂಕಿಗಿಂತ ಇಷ್ಟವಾದದ್ದು ಒಂದು ಟೆಲಿಗ್ರಾಂ. ಡಾರ್ಟ್‌ಮತ್‌ನ ಹಳೇ ವಿದ್ಯಾರ್ಥಿಯೊಬ್ಬರು ಫಿಲ್ಮ್ ತರಿಸಿ ನೋಡಿದರು. ಎಲ್ಲರೂ ಬೈಯುತ್ತಿದ್ದ ತಪ್ಪುಗಳು ಅವರಿಗೆ ಕಾಣಲೇ ಇಲ್ಲ. ಮುಖ್ಯ ಭಾಗಕ್ಕೆ ಕತ್ತರಿ ಹಾಕಿದ್ದೀರಿ, ಉಳಿದ ತುಂಡನ್ನೂ ಕಳಿಸಿ ಅಂತ ತಂತಿ ಹೊಡೆದರು. ಅಂಟಿಸುವ ಸಲಕರಣೆ ತಮ್ಮ ಹತ್ತಿರವೇ ಇದೆ ಅಂತಲೂ ಸೇರಿಸಿದರು!

ಅಭಿಮಾನಿಗಳ ವೆಬ್‌ಸೈಟುಗಳಲ್ಲಿ ದಿನಾ ನಡೆಯೋ ಜಗಳ ಇದೇ ಅಲ್ವಾ? ಸಂಪಾದಕ ಪಕ್ಷಪಾತಿ, ನನ್ನ ಕಾಮೆಂಟ್ ಬೇಕಂತಲೇ ಅಳಿಸಿದ. ಆದರೆ ತಂಡದ ಮೇಲಿನ ಪಕ್ಷಪಾತ ದೊಡ್ಡ ವಿಷಯವೇ ಅಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅಭಿಮಾನಿ ತಾಣಕ್ಕೆ ಹೋಗುವವರು ಅದನ್ನು ಗೊತ್ತಿದ್ದೇ ಹೋಗುತ್ತಾರೆ. ನೋಡಬೇಕಾದದ್ದು ಬೇರೆ: ತಾಣ ತಂಡದ ಪರವೋ, ತಂಡ ನಡೆಸುವವರ ಪರವೋ?

ಶುರುವಿನಲ್ಲಿ ಇದಕ್ಕೆ ಉತ್ತರ ಸುಲಭವಿತ್ತು. ಇಂಗ್ಲೆಂಡಿನಲ್ಲಿ 1972ರಲ್ಲಿ 'ಫೌಲ್', 1986ರಲ್ಲಿ 'ವೆನ್ ಸ್ಯಾಟರ್ಡೇ ಕಮ್ಸ್' ಎಂಬ ಫುಟ್‌ಬಾಲ್ ಅಭಿಮಾನಿಗಳ ಪತ್ರಿಕೆಗಳು ಬಂದವು. ಅವುಗಳ ಜೊತೆ ಒಂದೊಂದು ಕ್ಲಬ್ಬಿಗೂ ಅಭಿಮಾನಿಗಳೇ ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಪಿನ್ ಹೊಡೆದು ಕ್ರೀಡಾಂಗಣದ ಹೊರಗೆ ಮಾರುವ ಫ್ಯಾನ್‌ಜೈನುಗಳು ಹುಟ್ಟಿದವು. ತಂಡದ ಮೇಲೆ ಪ್ರೀತಿ, ಕ್ಲಬ್ಬಿನ ಮಾಲೀಕರ ಮೇಲೆ ಸಿಟ್ಟು. ಆದರೂ ಓದುಗರ ಪತ್ರಗಳಲ್ಲಿ ಯಾವುದು ಅಚ್ಚಾಗಬೇಕು ಅನ್ನೋದನ್ನು ಸಂಪಾದಕನೇ ಆರಿಸುತ್ತಿದ್ದ. ಉಳಿದದ್ದು ಕಸದ ಬುಟ್ಟಿಗೆ, ಅದು ಯಾರಿಗೂ ಕಾಣುತ್ತಿರಲಿಲ್ಲ.

ಇಂಟರ್ನೆಟ್ ಬಂದ ಮೇಲೆ ಎಲ್ಲವೂ ಮೊದಲು ಅಚ್ಚಾಗಿ ಆಮೇಲೆ ಅಳಿಯುವಂತಾಯಿತು. ಆಗ ಕಾನೂನು ಒಂದು ವಿಚಿತ್ರ ತಿರುವು ಕೊಟ್ಟಿತು. 1995ರಲ್ಲಿ ಪ್ರಾಡಿಜಿ ಎಂಬ ಆನ್‌ಲೈನ್ ಸೇವೆಯ ಮೇಲೆ ನ್ಯೂಯಾರ್ಕ್ ಕೋರ್ಟಿನಲ್ಲಿ ಮಾನನಷ್ಟದ ಕೇಸು ನಡೆಯಿತು. ಕ್ರೀಡೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕೋರ್ಟ್ ಹೇಳಿದ್ದು ಹೀಗೆ: ನೀವು ಬರಹಗಳನ್ನು ಸೋಸುತ್ತೀರಿ, ಹಾಗಾಗಿ ನೀವೇ ಪ್ರಕಾಶಕರು, ಹೊಣೆಯೂ ನಿಮ್ಮದೇ. ಅಂದರೆ ಕಸ ಗುಡಿಸಿದವನಿಗೇ ದಂಡ, ಸುಮ್ನೆ ಕೂತವನು ಪಾರು. ಇದನ್ನು ಸರಿಮಾಡಲು ಅಮೆರಿಕ 1996ರಲ್ಲಿ ಸೆಕ್ಷನ್ 230 ಎಂಬ ಕಾನೂನು ತಂದಿತು. ಅಳಿಸಿದರೂ ಬಿಟ್ಟರೂ ಬೇರೆಯವರು ಬರೆದದ್ದಕ್ಕೆ ತಾಣವನ್ನು ಪ್ರಕಾಶಕ ಅಂತ ಹಿಡಿಯುವಂತಿಲ್ಲ ಎಂದಿತು.

ಇಂಗ್ಲೆಂಡಿನಲ್ಲಿ ಅಂಥ ರಕ್ಷಣೆ ಇರಲಿಲ್ಲ. 2007ರಲ್ಲಿ ಶೆಫೀಲ್ಡ್ ವೆನ್ಸ್‌ಡೇ ಎಂಬ ಫುಟ್‌ಬಾಲ್ ಕ್ಲಬ್ ಮತ್ತು ಅದರ ನಿರ್ದೇಶಕರು ತಮ್ಮದೇ ಅಭಿಮಾನಿಗಳ ವಿರುದ್ಧ ಕೋರ್ಟಿಗೆ ಹೋದರು. ಅಭಿಮಾನಿ ತಾಣವೊಂದರಲ್ಲಿ ಅಡ್ಡಹೆಸರಿಟ್ಟು ಬರೆದವರು ಯಾರು, ಹೆಸರು ಕೊಡಿ ಎಂದು ಕೇಳಿದರು. ನ್ಯಾಯಾಧೀಶರು ಎರಡು ಗುಂಪು ಮಾಡಿದರು. ಸುಮ್ನೆ ಗೊಣಗಿದವರು, ತಮಾಷೆಗೆ ಬೈದವರು ಬಚಾವಾದರು. ಆಡಳಿತದವರು ಅಪ್ರಾಮಾಣಿಕರು ಎಂಬ ಅರ್ಥ ಬರುವಂತೆ ಬರೆದವರ ಗುರುತು ಮಾತ್ರ ಕೊಡಿ ಎಂದರು.

ಈ ಗೆರೆ ಕೇಳೋಕೆ ಚೆನ್ನಾಗಿದೆ. ಸೋತ ರಾತ್ರಿ ಹನ್ನೊಂದು ಗಂಟೆಗೆ ಎಳೆಯೋಕೆ ಹೋದರೆ ಗೊತ್ತಾಗುತ್ತದೆ. "ಕೋಚ್‌ಗೆ ತಲೆ ಇಲ್ಲ" ಇರಲಿ. "ಕೋಚ್ ದುಡ್ಡು ತಿಂದಿದ್ದಾನೆ" ಅಳಿಸು. "ಕೋಚ್ ಯಾಕೆ ಅವನನ್ನೇ ಆಡಿಸ್ತಾನೆ ಅಂತ ಎಲ್ಲರಿಗೂ ಗೊತ್ತು" ಅಂದರೆ? ಕಾಮೆಂಟುಗಳನ್ನು ಸೋಸೋಕೆ ಸಾಮಾನ್ಯವಾಗಿ ಸಂಬಳವಿಲ್ಲದೆ ಕೂತ ಮಾಡರೇಟರ್, ತಾನೂ ಅದೇ ತಂಡದವನು, ತಾನೂ ಸಿಟ್ಟಲ್ಲಿದ್ದಾನೆ. ಅಳಿಸುವುದು ಸುಲಭ, ಅಳಿಸುತ್ತಾನೆ.

ಮುಂದೆ ದುಡ್ಡೂ ಸೇರಿತು. 2003ರಲ್ಲಿ ಓಕ್ಲೆಂಡ್‌ನ ಬೇಸ್‌ಬಾಲ್ ತಂಡದ ಒಬ್ಬ ಅಭಿಮಾನಿ ಶುರು ಮಾಡಿದ ಅಥ್ಲೆಟಿಕ್ಸ್ ನೇಷನ್ ಎಂಬ ತಾಣದಿಂದ ಎಸ್‌ಬಿ ನೇಷನ್ ಎಂಬ ಅಭಿಮಾನಿ ತಾಣಗಳ ದೊಡ್ಡ ಜಾಲ ಬೆಳೆಯಿತು. ಅಭಿಮಾನಿಗಳ ಬರಹದಿಂದಲೇ ಬೆಳೆದ ಬ್ಲೀಚರ್ ರಿಪೋರ್ಟ್ ಎಂಬ ಕ್ರೀಡಾ ತಾಣವನ್ನು 2012ರಲ್ಲಿ ಟರ್ನರ್ ಕೊಂಡಿತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳನ್ನು ಟಿವಿಯಲ್ಲಿ ತೋರಿಸುತ್ತಿದ್ದ ಕಂಪನಿ ಅದು. ಯಾರೋ ಫೋನ್ ಮಾಡಿ ಇದನ್ನು ತೆಗೆಯಿರಿ ಅನ್ನಬೇಕಾಗಿಲ್ಲ. ಜಾಹೀರಾತು, ಪಂದ್ಯದ ಪಾಸು, ಆಟಗಾರನ ಸಂದರ್ಶನ ಇವೆಲ್ಲ ಕೈತಪ್ಪೀತು ಅನ್ನೋ ಭಯ ಸಾಕು. ಎದುರಾಳಿಯ ಮೇಲಿನ ಬೈಗುಳ ಉಳಿದು, ಟಿಕೆಟ್ ಬೆಲೆ ಯಾಕೆ ಜಾಸ್ತಿ ಮಾಡಿದಿರಿ ಎಂಬ ಪ್ರಶ್ನೆ ಮಾಯವಾದರೆ, ಆ ತಾಣ ಈಗ ಯಾರ ಕಡೆಗಿದೆ ಅಂತ ನನಗಂತೂ ಅನುಮಾನ ಉಳಿಯುವುದಿಲ್ಲ.

ಕೆಲವು ತಾಣಗಳು ಈಗ ಅಳಿಸಿದ ಜಾಗದಲ್ಲಿ ಒಂದು ಸಾಲು ಬಿಡುತ್ತವೆ: ನಿಯಮ ಮೀರಿದ್ದರಿಂದ ತೆಗೆಯಲಾಗಿದೆ. ಅದರ ಕೆಳಗೇ ಇನ್ನೊಬ್ಬ ಬಂದು ಕೇಳುತ್ತಾನೆ, ಅದರಲ್ಲಿ ಏನಿತ್ತು, ಯಾರಾದ್ರೂ ಸ್ಕ್ರೀನ್‌ಶಾಟ್ ಇಟ್ಟಿದ್ರೆ ಕಳಿಸಿ.